ಕಾವಲುಗಾರ ತಡೆಯದ ನಂಬರು

"ಏನ್ ಮಾಡಿದ್ರಿ ಸರ್? ಆಫೀಸ್ ಪೂರಾ ಹೊರಗ ಬಿತ್ತಲ್ರಿ!"

ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಶ್ವೇತಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟಳು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕಾಲುವೆ ಗೇಟುಗಳ ಹಸಿರು ಗುರುತುಗಳು ಒಂದೊಂದಾಗಿ ಬೂದಿ ಬಣ್ಣಕ್ಕೆ ತಿರುಗಿದವು.

ಸಬ್ ಇನ್‌ಸ್ಪೆಕ್ಟರ್ ತಾಹೇರ ಕೀಬೋರ್ಡಿನಿಂದ ಕೈ ತೆಗೆದ. ಬೇಕೆಂದೇ ಐದು ಸಲ ತಪ್ಪು ಪಾಸ್‌ವರ್ಡ್ ಒತ್ತಿದ್ದ. ಈ ಆಫೀಸಿನಿಂದ ಎಷ್ಟು ಸಲ ತಪ್ಪಿದರೂ ಏನೂ ಆಗುವುದಿಲ್ಲ ಎಂದು ಧೈರ್ಯ ಕೊಟ್ಟವಳು ಶ್ವೇತಾಳೇ.

"ಗೇಟ್ ಕಾಯೂ ಗಾಳೇಶಗ ಫೋನ್ ಹಚ್ರೀ ಮೊದಲ!" ನೀರು ಬಳಕೆದಾರರ ಒಕ್ಕೂಟದ ಕಾರ್ಯದರ್ಶಿ ಪಂಪಾಪತಿ ಒಳಗಿನ ಕೋಣೆಯಿಂದ ಪಂಚೆ ಎತ್ತಿ ಹಿಡಿದುಕೊಂಡೇ ಓಡಿಬಂದರು. "ಗೇಟಿನ ಹತ್ರ ನಿಂದ್ರು ಅನ್ರಿ. ಹ್ಯಾಂಡಲ್ ಕೈಯಾಗ ಹಿಡ್ಕೊಂಡಿರು ಅನ್ರಿ. ಮತ್ತೊಬ್ಬಾಂವ ಹೋದ್ರ ಈ ಆಫೀಸಿಗೆ ಬೆಂಕಿ ಹಚ್ತಾರ ಮಂದಿ!"

ಅವರ ಗಾಬರಿ ಸುಳ್ಳಲ್ಲ. ನವಲಿಯಲ್ಲಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಹುಚ್ಚೀರಪ್ಪ ಕಾಲುವೆಗೆ ಇಳಿದು ಜೊಂಡು ಕೀಳುತ್ತಿದ್ದಾಗ ಗೇಟು ತಾನಾಗಿ ಎದ್ದು ಅವನನ್ನು ನೀರುಪಾಲು ಮಾಡಿತ್ತು. ಕಂಪ್ಯೂಟರಿನಿಂದ ಗೇಟಿಗೆ ಅಪ್ಪಣೆ ಹೋಗಿದ್ದು ಆಪರೇಟರ್ ದುರಗೇಶನ ಹೆಸರಿನಲ್ಲಿ, ಆ ದುರಗೇಶ ಸತ್ತವನ ಸ್ವಂತ ಅಳಿಯ. ಈಗ ಅವನು ಗಂಗಾವತಿಯ ಠಾಣೆಯಲ್ಲಿದ್ದ, ನಾಳೆ ಬೆಳಗ್ಗೆ ಮತ್ತೆ ಕೋರ್ಟಿಗೆ.

"ಕುಂದ್ರು ಶ್ವೇತಾ," ಎಂದ ತಾಹೇರ. "ಒಂದ ಮಾತು ಹೇಳು. ಬಾಗಿಲ ಯಾಕ ಮುಚ್ಚಿತು?"

"ಮುಚ್ಚಬಾರದಿತ್ರಿ."

"ಅದ ಕೇಳಾಕತ್ತೀನಿ. ಮುಚ್ಚಬಾರದಿದ್ದದ್ದು ಯಾಕ ಮುಚ್ಚಿತು?"

ಒಕ್ಕೂಟದ ಸರ್ವರ್ ಇದ್ದದ್ದು ಎಲ್ಲೋ ದೂರದ ಊರಿನಲ್ಲಿ, ಬಾಡಿಗೆ ಜಾಗದಲ್ಲಿ. ಅದರ ಬಾಗಿಲಿಗೆ ಶ್ವೇತಾ ಹೋದ ತಿಂಗಳಷ್ಟೇ ಒಂದು ಕಾವಲು ಪ್ರೋಗ್ರಾಂ ಕೂರಿಸಿದ್ದಳು. ಯಾವುದೇ ಇಂಟರ್ನೆಟ್ ನಂಬರಿನಿಂದ ಮೇಲಿಂದ ಮೇಲೆ ತಪ್ಪು ಪಾಸ್‌ವರ್ಡ್ ಬಂದರೆ, ಆ ನಂಬರಿನ ಮುಖಕ್ಕೆ ಬಾಗಿಲು ಬಂದ್. ಯಾರನ್ನೂ ಕೇಳಬೇಕಿಲ್ಲ, ಯಾರೂ ಎದ್ದು ಬರಬೇಕಿಲ್ಲ. ಈ ಕಾವಲುಗಾರ ಚಹಾ ಕುಡಿಯಲು ಹೋಗುವವನಲ್ಲ, ತೂಕಡಿಸುವವನಲ್ಲ, ಪರಿಚಯದವರ ಮುಖ ನೋಡಿ ಕರಗುವವನೂ ಅಲ್ಲ.

ಕರಗದಿದ್ದದ್ದೇ ತೊಂದರೆಯಾಯಿತು. ಒಕ್ಕೂಟದ ಸಿಬ್ಬಂದಿಯ ಬೆರಳು ಭತ್ತದ ಚೀಲ ಎತ್ತಿ ಪಳಗಿದ ಬೆರಳು, ಒಂದು ಕೀ ಒತ್ತಲು ಹೋದರೆ ಎರಡು ಒತ್ತುತ್ತದೆ. ಮೊದಲ ವಾರದಲ್ಲೇ ಇಡೀ ಆಫೀಸನ್ನು ಕಾವಲುಗಾರ ಹೊರಗೆ ಹಾಕಿದ. ಪಂಪಾಪತಿಯವರು ಕೂಗಾಡಿದರು. ಶ್ವೇತಾ ಪಾಪ, ಹೊಸ ಹುಡುಗಿ, ಕಾವಲುಗಾರನಿಗೆ ಆಫೀಸಿನ ನಂಬರು ಕೊಟ್ಟು 'ಇದು ನಮ್ಮ ಮನೆಯವರದು, ಎಷ್ಟು ತಪ್ಪಿದರೂ ತಡೆಯಬೇಡ' ಎಂದು ಹೇಳಿಟ್ಟಳು. ಎಲ್ಲರೂ ಮೆಚ್ಚಿದರು. ಚಹಾದ ಹೊತ್ತಿನಲ್ಲಿ ಅದನ್ನು ಎಲ್ಲರಿಗೂ ವಿವರಿಸಿಯೂ ಆಯಿತು.

ಗೇಟು ಎದ್ದ ಹಿಂದಿನ ದಿನ ಆ ಬಾಗಿಲನ್ನು ಯಾರೋ ಸಾವಿರಾರು ಸಲ ಬಡಿದಿದ್ದರು. ಕಾವಲುಗಾರ ಒಂದು ಸಲವೂ ತಡೆಯಲಿಲ್ಲ, ಏಕೆಂದರೆ ಬಡಿದದ್ದು ಆ 'ಮನೆಯವರ' ನಂಬರಿನಿಂದ. ಕೊನೆಗೆ ದುರಗೇಶನ ಪಾಸ್‌ವರ್ಡ್ ಸಿಕ್ಕಿಬಿಟ್ಟಿತು. ಅವನ ಹೆಂಡತಿಯ ಹೆಸರು, ಅದರ ಹಿಂದೆ ಒಂದಿಷ್ಟು ಅಂಕಿ.

ಗಂಗಾವತಿ ಠಾಣೆಯ ಇನ್‌ಸ್ಪೆಕ್ಟರ್ ವಿರುಪಣ್ಣನವರಿಗೆ ಇಷ್ಟು ಸಾಕಾಗಿತ್ತು. ಆಫೀಸಿನ ನಂಬರು, ಆಫೀಸಿನ ಮನುಷ್ಯ, ಆ ದಿನ ಡ್ಯೂಟಿಯಲ್ಲಿದ್ದವನು ದುರಗೇಶ. ತನ್ನ ಪಾಸ್‌ವರ್ಡನ್ನು ತಾನೇ ಸಾವಿರಾರು ಸಲ ಯಾಕೆ ತಪ್ಪಾಗಿ ಒತ್ತುತ್ತಾನೆ ಎಂದು ತಾಹೇರ ಕೇಳಿದ್ದಕ್ಕೆ, "ಕಳ್ಳರು ಬಂದಂಗ ಕಾಣ್ಲಿ ಅಂತ ನಾಟಕ ಮಾಡ್ಯಾನಪಾ," ಎಂದು ಮೀಸೆ ತಿರುವಿದ್ದರು. ಆ ಮಾತು ಒಪ್ಪಲಾಗದ್ದೇ ತಾಹೇರನನ್ನು ಕೊಪ್ಪಳದಿಂದ ಇಲ್ಲಿಯವರೆಗೆ ಎಳೆದು ತಂದಿತ್ತು.

ಶ್ವೇತಾ ತನ್ನ ಮೊಬೈಲಿನಿಂದಲೇ ಸರ್ವರ್ ಒಳಗೆ ಹೋಗಿ ನೋಡಿದಳು. ಅವಳ ಮುಖ ಸಪ್ಪಗಾಯಿತು.

"ಸರ್... ಕಾವಲಿನವ ಈಗ ತಡದಿದ್ದು ಬ್ಯಾರೆ ನಂಬರ್ ರೀ. ನಾನು ಬಿಡು ಅಂತ ಹೇಳಿದ್ದ ನಂಬರ್ ಇದಲ್ಲ."

"ಹಂಗಾದ್ರ ಈ ಆಫೀಸು ಈಗ ಯಾರ ನಂಬರ್‌ನ್ಯಾಗ ಕುಂತೈತಿ?"

"ಬದಲಾಗೇತ್ರಿ. ಆದ್ರ ಹೆಂಗ? ಇಂಟರ್ನೆಟ್ ಡಬ್ಬಿ ಆರಿದ್ರ ಮಾತ್ರ ನಂಬರ್ ಬದಲಾಗೂದು. ಕರೆಂಟ್ ಹೋದ್ರೂ ಇನ್ವರ್ಟರ್ ಐತಿ. ಅದು ಆರೂದ ಇಲ್ಲ."

ತಾಹೇರ ತಿರುಗಿ ಮೂಲೆಯ ಕಪಾಟಿನ ಮೇಲಿದ್ದ ಇಂಟರ್ನೆಟ್ ಡಬ್ಬಿಯ ಕಡೆ ನೋಡಿದ. ಅದರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಆಂಟೆನಾಕ್ಕೆ ಸುತ್ತಿದ್ದ ಚೆಂಡು ಹೂವಿನ ಮಾಲೆ ಒಣಗಿ ಕಂದಾಗಿತ್ತು.

"ಇದಕ್ಕ ಪೂಜಿ ಯಾವಾಗ ಮಾಡಿದ್ರಿ?"

"ಅಮಾಸಿ ದಿನ," ಎಂದರು ಪಂಪಾಪತಿ, ಇದೇನು ಕೇಳುವ ಮಾತೇ ಎನ್ನುವಂತೆ. "ಪ್ರತಿ ಅಮಾಸಿಗೂ ಮಾಡ್ತೀವ್ರಿ. ಗಂಗಾವತ್ಯಾಗ ಯಾವ ಗಿರಣಿ, ಯಾವ ಟ್ರ್ಯಾಕ್ಟರ್ ಬಿಟ್ಟೈತಿ ಹೇಳ್ರಿ?"

"ಡಬ್ಬಿ ಆರಿಸಿ ಮಾಡ್ತೀರೋ, ಹಚ್ಚಿ ಮಾಡ್ತೀರೋ?"

"ದುಡಿಯೂ ಮಿಷನ್ನಿಗೆ ಪೂಜಿ ಮಾಡ್ತಾರೇನ್ರಿ ಯಾರಾದ್ರೂ? ಎಲ್ಲಾ ಆರಿಸಿ, ಒರೆಸಿ, ಇಬತ್ತಿ ಹಚ್ಚಿ, ಕಾಯಿ ಒಡೆದು, ಮಂದಿ ಹೋಳಿಗಿ ಉಂಡು ಎದ್ದ ಮ್ಯಾಲೇನ ಮತ್ತ ಚಾಲೂ ಮಾಡೂದು. ಅಷ್ಟೊತ್ತನಕ ಅದಕ್ಕೂ ವಿಶ್ರಾಂತಿ."

ಶ್ವೇತಾ ತಲೆಯ ಮೇಲೆ ಕೈ ಹೊತ್ತು ಕುಳಿತಳು. "ನಂಗ ಯಾರೂ ಹೇಳ್ಲಿಲ್ರಿ. ನಾನು ಅಮಾಸಿಗೆ ಯಲಬುರ್ಗಾಕ್ಕ, ನಮ್ಮ ಮನಿಗೆ ಹೋಗಿದ್ದೆ."

ತಾಹೇರನ ಎದೆಯಲ್ಲಿ ಏನೋ ಹಗುರಾಯಿತು. ಸಾವಿರಾರು ತಪ್ಪು ಪಾಸ್‌ವರ್ಡುಗಳು ಬಂದದ್ದು ಅಮಾವಾಸ್ಯೆಯ ದಿನವೇ, ಊಟದ ಹೊತ್ತಿನಿಂದ ಸಂಜೆಯವರೆಗೆ. ಅಂದರೆ ಡಬ್ಬಿ ಆರಿದ ಮೇಲೆ. ಆಫೀಸು ಆ ನಂಬರನ್ನು ಬಿಟ್ಟುಕೊಟ್ಟ ಮೇಲೆ.

"ಪಂಪಾಪತಿಯವರ, ಅವತ್ತು ದುರಗೇಶ ಎಲ್ಲಿದ್ದ?"

"ಎಲ್ಲಿರ್ತಾನ್ರಿ, ಇಲ್ಲೇ. ಪಂಕ್ತಿಗೆ ಹೋಳಿಗಿ ಬಡಿಸಿದಾಂವ ಅವನ. ಸಂಜಿತನ ಈ ಅಂಗಳ ಬಿಟ್ಟು ಅಲುಗಿಲ್ಲ. ಸರದಿ ನೀರು ಬಿಡೂದಿತ್ತು, ಎರಡು ರಾತ್ರಿ ಇಲ್ಲೇ ಮಲಗ್ಯಾನ. ಹುಚ್ಚೀರಪ್ಪನೂ ಬಂದಿದ್ದ ಊಟಕ್ಕ. ಮಾವ ಅಳಿಯ ಎಷ್ಟು ನಕ್ಕೋಂತ ಮಾತಾಡಿದ್ರು ಗೊತ್ತೇನ್ರಿ..." ಎಂದವರು ಅಲ್ಲಿಗೇ ನಿಲ್ಲಿಸಿ ಮೂಗು ಒರೆಸಿಕೊಂಡರು.

ತಾಹೇರ ಬೈಕಿನ ಕೀಲಿಕೈ ತೆಗೆದುಕೊಂಡ. ಬಿಟ್ಟುಕೊಟ್ಟ ನಂಬರು ಗಾಳಿಯಲ್ಲಿ ತೂಗಾಡುತ್ತಿರುವುದಿಲ್ಲ. ಅದನ್ನು ಯಾರೋ ಹಿಡಿದಿದ್ದರು.

* * *

ಆ ಭಾಗಕ್ಕೆಲ್ಲ ಇಂಟರ್ನೆಟ್ ತಂತಿ ಎಳೆದವನು ಮರ್ದಾನಸಾಬ. ಬಸ್ ನಿಲ್ದಾಣದ ಹಿಂದಿನ ಅವನ ಅಂಗಡಿಯಲ್ಲಿ ತಂತಿಯ ಸುರುಳಿಗಳ ನಡುವೆ ಒಂದು ಕಂಪ್ಯೂಟರು, ಒಂದು ಚಾಪೆ. ಪೊಲೀಸರನ್ನು ಕಂಡೊಡನೆ ಅವನು ಚಹಾದ ಲೋಟವನ್ನು ಚಾಪೆಯ ಪಕ್ಕಕ್ಕೆ ಸರಿಸಿದ.

"ಚಾಚಾ, ವಿರುಪಣ್ಣ ಸಾಹೇಬ್ರು ನಿಮ್ಮನ್ನ ಏನ್ ಕೇಳಿದ್ರು?"

"ಈ ನಂಬರ್ ಯಾರ್ದು ಅಂತ ಕೇಳಿದ್ರು. ಒಕ್ಕೂಟದ ಆಫೀಸಿಂದು ಅಂದೆ."

"ಕಂಪ್ಯೂಟರ್ ನೋಡಿ ಹೇಳಿದ್ರೋ, ನೆನಪಿನ ಮ್ಯಾಲೆ ಹೇಳಿದ್ರೋ?"

ಮರ್ದಾನಸಾಬ ಗಡ್ಡ ಕೆರೆದುಕೊಂಡ. "ಹೋದ ತಿಂಗಳು ಶ್ವೇತಾ ಮೇಡಂ ಕೇಳಿದಾಗ ನಾನ ನೋಡಿ ಹೇಳಿದ್ದೆ. ಅದ ನಂಬರ್. ಮತ್ತೇನ್ ನೋಡೂದ್ರಿ?"

"ಈಗ ನೋಡ್ರಿ. ಅಮಾಸಿ ದಿನ, ಮಧ್ಯಾಹ್ನದಿಂದ ಸಂಜಿತನ ಅದು ಯಾರ ಮನ್ಯಾಗಿತ್ತು?"

"ಅದಕ್ಕ ಆರ್ಡರ್ ಬೇಕಲ್ರಿ ಸಾಹೇಬ್ರ."

"ಇಲ್ಲೇ ಬರದು ಸಹಿ ಹಾಕಿ ಕೊಡ್ತೀನಿ."

"ನಂಗೂ ಹೆಂಡ್ರು ಮಕ್ಕಳು ಅದಾರ್ರಿ. ನಾಳೆ ಯಾರಾದ್ರೂ ನನ್ನ ಮ್ಯಾಲೆ ಬಂದ್ರ?"

"ದುರಗೇಶಗೂ ಹೆಂಡತಿ ಅದಾಳ ಚಾಚಾ. ಅಪ್ಪನ್ನ ಮಣ್ಣಿಗಿಟ್ಟು ಬಂದಾಳ. ಗಂಡನೇ ಅಪ್ಪನ್ನ ಕೊಂದಾನೋ ಏನೋ ಅಂತ ಠಾಣೆ ಕಟ್ಟಿ ಮ್ಯಾಲೆ ಕುಂತಾಳ. ನೀವು ನೆನಪಿನ ಮ್ಯಾಲೆ ಹೇಳಿದ ಒಂದು ಮಾತಿಗೆ."

ಮರ್ದಾನಸಾಬ ಅವನ ಮುಖವನ್ನೇ ನೋಡಿದ. ಆಮೇಲೆ ಚಾಪೆಯಿಂದೆದ್ದು ಕಂಪ್ಯೂಟರ್ ಮುಂದೆ ಕುಳಿತ. ಕೀ ಒತ್ತುತ್ತಲೇ ಮಾತಾಡಿದ, ಹೆದರಿದವರಿಗೆ ಮಾತೇ ಆಸರೆ.

"ನಮ್ಮ ಹತ್ರ ನಂಬರ್ ಕಡಿಮಿ, ಮನಿ ಜಾಸ್ತಿ ಸಾಹೇಬ್ರ. ಕುಷ್ಟಗಿ ಬಸ್ಸಿನ ಸೀಟು ನೋಡಿರಲ್ಲ, ಹಂಗ. ಒಬ್ಬ ಎದ್ದ ಅಂದ್ರ ಯಾರು ಮೊದಲು ಸೀಟಿನ ಮ್ಯಾಲೆ ಟವೆಲ್ ಒಗಿತಾರೋ ಅವ್ರಿಗೆ. ಎದ್ದಾಂವ ತಿರುಗಿ ಬಂದ್ರ ಬ್ಯಾರೆ ಸೀಟು ಹುಡುಕ್ಬೇಕು."

"ಅಂದ್ರ ಆಫೀಸ್ ಡಬ್ಬಿ ಆರಿದ ಕೂಡ್ಲೇ ಯಾರಾದ್ರೂ ತಮ್ಮ ಡಬ್ಬಿ ಹಚ್ಚಿದ್ರ..."

"ಅವ್ರಿಗೇ ಹೋಗ್ತೈತಿ. ಕಾಯ್ಕೊಂಡು ಕುಂತಾಂವಗ ಇನ್ನೂ ಸಸಾರ."

ಕಾಯ್ದುಕೊಂಡು ಕುಂತವನು. ತಾಹೇರನಿಗೆ ಆ ಮಾತು ಇಷ್ಟವಾಗಲಿಲ್ಲ. ಆಫೀಸಿನಲ್ಲಿ ಆರತಿ ಎತ್ತುವ ಹೊತ್ತು ಗೊತ್ತಿದ್ದು, ಡಬ್ಬಿ ಆರಿಸುವ ರೂಢಿ ಗೊತ್ತಿದ್ದು, ಶ್ವೇತಾ ಕೊಟ್ಟ ರಿಯಾಯಿತಿಯೂ ಗೊತ್ತಿದ್ದವನು. ಹೊರಗಿನವನಂತೂ ಅಲ್ಲ.

ಮರ್ದಾನಸಾಬನ ಬೆರಳು ಪರದೆಯ ಮೇಲೆ ಒಂದು ಸಾಲಿಗೆ ಬಂದು ನಿಂತಿತು. ಅವನು ತಿರುಗಿ ನೋಡಲಿಲ್ಲ.

"ಹೇಳ್ರಿ ಚಾಚಾ."

"ನೋಡಬಾರದಿತ್ತು ಸಾಹೇಬ್ರ."

"ಯಾರ ಮನಿ?"

"ದುರಗೇಶನ ಮನಿ."

ಬಸ್ ನಿಲ್ದಾಣದ ಕಡೆಯಿಂದ ಕಂಡಕ್ಟರ್ ಒಬ್ಬ ಕನಕಗಿರಿ, ಕನಕಗಿರಿ ಎಂದು ಕೂಗುತ್ತಿದ್ದ. ತಾಹೇರ ಅಂಗಡಿಯ ಕಟ್ಟೆಯ ಮೇಲೆ ಕುಳಿತ. ಒಬ್ಬನ ಕೈಗೆ ಬಿದ್ದ ಬೇಡಿ ಬಿಚ್ಚಿಸಲು ಹೊರಟವನು ಅವನ ಕಾಲಿಗೂ ಒಂದು ಹಾಕಿದಂತಾಗಿತ್ತು. ಸುಮ್ಮನೆ ಕೊಪ್ಪಳದಲ್ಲೇ ಕುಳಿತಿದ್ದರೆ ಆಗುತ್ತಿರಲಿಲ್ಲವೇ ಎಂದು ತನ್ನ ಮೇಲೇ ಸಿಟ್ಟು ಬಂತು.

ಆದರೂ ಒಂದು ಮುಳ್ಳು ಕಿತ್ತು ಬರಲಿಲ್ಲ. ಆ ಮಧ್ಯಾಹ್ನ ದುರಗೇಶ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದ. ಊರ ಮಂದಿ ಕಂಡಿದ್ದಾರೆ. ಮನೆ ಅವನದಿರಬಹುದು, ಕೈ ಯಾರದು?

* * *

ಠಾಣೆಯ ಹೊರಗಿನ ಕಟ್ಟೆಯ ಮೇಲೆ ದುರಗೇಶನ ಹೆಂಡತಿ ಹೇಮಾವತಿ ಕುಳಿತಿದ್ದಳು. ಬೆಳಗಿನಿಂದ ಅದೇ ಜಾಗ. ಪಕ್ಕದಲ್ಲಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ಅವಳು ಬುತ್ತಿ ತರುತ್ತಾಳೆ, ಕಾನ್‌ಸ್ಟೇಬಲ್ ಮಾಂತೇಶನ ಕೈಗೆ ಕೊಡುತ್ತಾಳೆ, ಒಳಗೆ ಮಾತ್ರ ಹೋಗುವುದಿಲ್ಲ. ಒಳಗಿದ್ದವನು ಅಪ್ಪನನ್ನು ಕೊಂದವನೋ ತನ್ನ ಗಂಡನೋ ಎಂಬುದು ತಿಳಿಯುವ ತನಕ ಅವನ ಮುಖ ನೋಡುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದಳು. ಒಳಗಿದ್ದ ದುರಗೇಶ ವಕೀಲರ ಬಗ್ಗೆ ಕೇಳುವುದಿಲ್ಲ, ಕೋರ್ಟಿನ ಬಗ್ಗೆ ಕೇಳುವುದಿಲ್ಲ. ಹೇಮಾ ಏನಂತಾಳ್ರಿ ಎನ್ನುವುದೊಂದೇ ಅವನ ಪ್ರಶ್ನೆ.

ಇಬ್ಬರ ನಡುವೆ ಓಡಾಡಿ ತಾಹೇರನಿಗೆ ಸಾಕಾಗಿಹೋಗಿತ್ತು.

"ಗೊತ್ತಾತೇನ್ರಿ ಅಣ್ಣಾರ?"

ಅವಳ ಕಣ್ಣುಗಳು ಅತ್ತು ಅತ್ತು ಒಣಗಿದ್ದವು. ತಾಹೇರ ಅವಳ ಪಕ್ಕದಲ್ಲೇ ಕುಳಿತ.

"ತಂಗಿ, ಅಮಾಸಿ ದಿನ ನಿಮ್ಮ ಮನ್ಯಾಗ ಯಾರಿದ್ರು?"

"ಯಾರೂ ಇಲ್ರಿ. ನಾನು ಕನಕಗಿರಿಗೆ, ಸಣ್ಣವ್ವನ ಮನಿಗೆ ಹೋಗಿದ್ದೆ. ಅವ್ರು ಆಫೀಸಿನ್ಯಾಗ ಮಲಗ್ತೀನಿ ಅಂತ ಬಾಗಿಲ ಹಾಕಿ, ಕೀಲಿಕೈ ನನ್ನ ಕೈಯಾಗ ಕೊಟ್ಟು ಹೋದ್ರು."

"ಕೀಲಿ ಒಡದಿತ್ತೇನು, ನೀ ಬಂದಾಗ?"

"ಇಲ್ರಿ. ಹೆಂಗ ಹಾಕಿದ್ವಿ ಹಂಗ ಇತ್ತು."

"ಇನ್ನೊಂದು ಕೀಲಿಕೈ?"

ಹೇಮಾವತಿಯ ಕೈ ತಾನಾಗಿ ಅವಳ ಸೊಂಟದ ಮೇಲೆ ಹೋಯಿತು.

"ಅಪ್ಪನ ಹತ್ರ ಇತ್ರಿ," ಎಂದಳು ನಿಧಾನವಾಗಿ. "ಇಲ್ಲಿ ಸಂತಿಗೆ ಬಂದಾಗ ಬಿಸಲಾಗ ಕುಂದ್ರಬಾರ್ದು ಅಂತ ನಾನ ಕೊಟ್ಟಿದ್ದೆ. ಉಡದಾರಕ್ಕ ಕಟ್ಕೊಂಡಿದ್ದ. ಎಂದೂ ಬಿಚ್ತಿರ್ಲಿಲ್ಲ. ಮಲಗಿದ್ರೂ, ಜಳಕ ಮಾಡಿದ್ರೂ."

"ಹೆಣ ಸಿಕ್ಕಾಗ?"

"ಮೈ ತೊಳಿಯೂ ಮುಂದ ಉಡದಾರ ನಾನ ತಗದೆ ಅಣ್ಣಾರ. ಕೀಲಿಕೈ ಇರ್ಲಿಲ್ಲ." ಅವಳು ಬುತ್ತಿಯ ಗಂಟು ಬಿಗಿದಳು. "ನೀರಾಗ ಹೋತು ಅಂದ್ಕೊಂಡೆ. ಉಡದಾರ ಹರಿದಿರ್ಲಿಲ್ಲ. ಆದ್ರೂ ಅವಾಗ ಅದನ್ನ ಯಾರು ವಿಚಾರ ಮಾಡ್ತಾರ್ರಿ? ಅಪ್ಪ ಹೋಗ್ಯಾನ, ಕೀಲಿಕೈ ತಗೊಂಡು ಏನ್ ಮಾಡ್ಲಿ?"

ತಾಹೇರ ಎದ್ದು ನಿಂತ. ಈಗ ಎಲ್ಲವೂ ಒಂದರ ಹಿಂದೊಂದು ಬಂದು ಕುಳಿತವು. ಯಾರೋ ಒಬ್ಬ ಹುಚ್ಚೀರಪ್ಪನ ನಡುವಿನಿಂದ ಕೀಲಿಕೈ ಬಿಚ್ಚಿಕೊಂಡಿದ್ದ, ಅಳಿಯನ ಮನೆಯಲ್ಲಿ ಕುಳಿತು ಆಫೀಸಿನ ನಂಬರಿಗೆ ಟವೆಲ್ ಹಾಕಿದ್ದ, ದುರಗೇಶನ ಹೆಸರಿನಲ್ಲಿ ಗೇಟು ಎತ್ತಿದ್ದ. ಕೀಲಿಕೈ ಎಲ್ಲಿ ಹೋಯಿತೆಂದು ಹೇಳಬಲ್ಲ ಒಬ್ಬನೇ ಮನುಷ್ಯನನ್ನು ಅದೇ ನೀರು ಒಯ್ದಿತ್ತು. ಇದು ಅಚಾತುರ್ಯವಲ್ಲ, ಕೊಲೆ. ಮತ್ತು ಕೊಂದವನು ದುರಗೇಶನಲ್ಲ.

ಇಷ್ಟನ್ನು ಅವಳಿಗೆ ಹೇಳಿಯೇಬಿಟ್ಟ. ತನಿಖೆ ಮುಗಿಯದೆ ಹೇಳಬಾರದ ಮಾತು, ವಿರುಪಣ್ಣ ಕೇಳಿದರೆ ಚರ್ಮ ಸುಲಿಯುತ್ತಾರೆ. ಆದರೆ ಆ ಕಟ್ಟೆಯ ಮೇಲೆ ಅವಳನ್ನು ಇನ್ನೊಂದು ಗಳಿಗೆ ಕೂರಿಸುವುದು ಅವನಿಂದಾಗಲಿಲ್ಲ.

ಹೇಮಾವತಿ ಸೆರಗಿನಿಂದ ಮುಖವನ್ನು ಒತ್ತಿ ಒತ್ತಿ ಒರೆಸಿಕೊಂಡಳು. ಬುತ್ತಿ ಎತ್ತಿಕೊಂಡು ಮೊದಲ ಸಲ ಠಾಣೆಯ ಮೆಟ್ಟಿಲು ಹತ್ತಿದಳು.

ದುರಗೇಶ ಸರಳಿನ ಆಚೆ ಗೋಡೆಗೆ ಒರಗಿ ಕುಳಿತಿದ್ದ. ಹೆಂಡತಿಯನ್ನು ಕಂಡು ಎದ್ದ ರಭಸಕ್ಕೆ ಮುಗ್ಗರಿಸಿದ. ಇಬ್ಬರೂ ಸರಳು ಹಿಡಿದುಕೊಂಡು ನಿಂತರು. ಮಾಂತೇಶ ಮರ್ಯಾದೆಗೆ ಮುಖ ತಿರುಗಿಸಿದ. ತಾಹೇರನಿಗೆ ಈ ಕೆಲಸಕ್ಕೆ ಸೇರಿದ್ದು ಸಾರ್ಥಕ ಅನ್ನಿಸಿದ ಗಳಿಗೆ ಅದು, ಬಹಳ ಹೊತ್ತು ಉಳಿಯಲಿಲ್ಲ.

"ಉಣ್ರಿ ಮೊದಲ," ಎಂದಳು ಹೇಮಾವತಿ. "ನೀವಲ್ಲ ಅಂತ ಗೊತ್ತಾತು. ಅಪ್ಪನ ಉಡದಾರದಾಗಿನ ಕೀಲಿಕೈ ಯಾರೋ ಕದ್ದಾರಂತ. ನಮ್ಮ ಮನ್ಯಾಗ ಕುಂತ ಎಲ್ಲಾ ಮಾಡ್ಯಾರಂತ. ಆ ಕೀಲಿಕೈ ಯಾರ ಹತ್ರ ಐತಿ ಅವ್ರೇ ಅಪ್ಪನ್ನ ತಿಂದಾರ."

ದುರಗೇಶನ ಮುಖದಲ್ಲಿ ಈಗಷ್ಟೇ ಮೂಡಿದ್ದ ಜೀವಕಳೆ ನೋಡನೋಡುತ್ತ ಇಳಿದುಹೋಯಿತು. ಅವನು ಸರಳು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

"ಯಾರೂ ಕದ್ದಿಲ್ಲ ಹೇಮಾ."

"ಏನಂದ್ರಿ?"

"ಅಮಾಸಿ ದಿನ ಮುಂಜಾನೆ ಮಾವನ ಹತ್ರ ನಾನ ಇಸ್ಕೊಂಡೆ. ನಗ್ತಾ ಬಿಚ್ಚಿ ಕೊಟ್ಟ. ನಾನು ಇನ್ನೊಬ್ರಿಗೆ ಕೊಟ್ಟೆ."

ತಾಹೇರ ಮುಂದೆ ಬಂದ. "ಯಾರಿಗೆ?"

ದುರಗೇಶ ಅವನ ಕಡೆ ನೋಡಲಿಲ್ಲ. "ಸಾಹೇಬ್ರ, ನಾಳೆ ನನ್ನ ಜೈಲಿಗೇ ಕಳಿಸ್ರಿ. ನಾನ ಮಾಡೀನಿ ಅಂತ ಬರಕೊಳ್ರಿ, ಸಹಿ ಹಾಕ್ತೀನಿ. ಆ ಹೆಸರು ಮಾತ್ರ ಈಕಿ ಮುಂದ ಕೇಳಬ್ಯಾಡ್ರಿ."

"ತಂಗಿ, ನೀ ಸ್ವಲ್ಪ ಹೊರಗ..."

"ಹೋಗಂಗಿಲ್ರಿ," ಎಂದಳು ಹೇಮಾವತಿ. ಸರಳಿನ ಮುಂದೆ, ಬರಿ ನೆಲದ ಮೇಲೆ ಕುಳಿತುಬಿಟ್ಟಳು. "ಹೋದಾಂವ ನಮ್ಮಪ್ಪ. ನನ್ನ ಮುಂದ ಹೇಳಬಾರದಂಥ ಹೆಸರು ಅಂದ್ರ, ಅದು ನಮ್ಮ ಮನಿಯವ್ರದೇ. ಹೇಳ್ರಿ."